ನೀರು ಕೊಟ್ಟವರನ್ನು ಕತ್ತರಿಸಿದ ವಿಡಿಯೋ

“ನಮ್ಮ ಮನಿಗೆ ಬಂದು ಒಂದ್ ಸಲ ನೀರು ಕೇಳ್ರಿ ಮೇಡಂ. ಆಮ್ಯಾಲ ಬರೀರಿ.”

ಹೋದ ಶುಕ್ರವಾರ ಬೆಳಿಗ್ಗೆ ಬಂದ ಫೋನಿನಲ್ಲಿ ಮೊದಲು ಕೇಳಿಸಿದ ಮಾತು ಇದು. ದನಿ ಹೆಣ್ಣುಮಗಳದು. ಬೈಗುಳವಿಲ್ಲ, ಅಳುವಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವವರಿಗೆ ಇರುತ್ತದಲ್ಲ, ಅಂಥದೊಂದು ನಿಧಾನ. ಯಾರು ತಾವು ಎಂದು ಕೇಳಿದೆ.

“ಬಾಗಲಾ ಹಾಕ್ಕೊಂಡಾಕಿ ಅಂತ ಬರದಿದ್ರಲ್ಲ, ಮೂರು ವಾರದ ಹಿಂದ. ಅಕಿನ ನಾ.”

ಕುಳಿತಿದ್ದವಳು ಎದ್ದು ನಿಂತೆ. (ಫೋನಿನಲ್ಲಿ ಎದ್ದು ನಿಂತರೆ ಯಾರಿಗೆ ಕಾಣುತ್ತದೆ? ಆದರೂ ನಿಂತೆ.)

ಈ ಅಂಕಣವನ್ನು ಓದುತ್ತ ಬಂದವರಿಗೆ ಆ ವಾರದ ಬರಹ ನೆನಪಿರಬಹುದು. ಓದದವರಿಗಾಗಿ ಇನ್ನೊಮ್ಮೆ ವಿವರವಾಗಿ ಹೇಳುತ್ತೇನೆ. ತನ್ನ ತಪ್ಪನ್ನು ಸಂಕ್ಷಿಪ್ತವಾಗಿ ಹೇಳುವುದು ತಪ್ಪಿಸಿಕೊಳ್ಳುವ ಸುಲಭದ ದಾರಿ, ಆ ದಾರಿ ನನಗೆ ಬೇಡ.

ಅದೊಂದು ಒಂದೂವರೆ ನಿಮಿಷದ ವಿಡಿಯೋ. ಟಿಕೋಟಾ ಮತ್ತು ಬಬಲೇಶ್ವರದ ನಡುವಿನ ಒಂದು ಹಳ್ಳಿ. ನೆತ್ತಿ ಸುಡುವ ಬಿಸಿಲು. ಹರಿದ ಧೋತರ ಉಟ್ಟು, ಕೋಲು ಹಿಡಿದ, ಬಿಳಿ ಗಡ್ಡದ ಮುದುಕನೊಬ್ಬ ನೀಲಿ ಬಾಗಿಲಿನ ಮನೆಯ ಮುಂದೆ ನಿಂತು ನೀರು ಕೇಳುತ್ತಾನೆ. ಒಳಗಿಂದ ಬಂದ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡುತ್ತಾಳೆ, ಏನೋ ಅನ್ನುತ್ತಾಳೆ (ಏನೆಂದು ಕೇಳಿಸದು, ಅಷ್ಟರಲ್ಲಿ ಹಿನ್ನೆಲೆಯ ಪಿಟೀಲು ಶುರುವಾಗಿರುತ್ತದೆ), ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾಳೆ. ಮುದುಕ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಲ್ಲುತ್ತಾನೆ. ಆಮೇಲೆ ಸ್ಕೂಟಿಯಲ್ಲಿ ಹೊರಟಿದ್ದ ಕಾಲೇಜು ಹುಡುಗಿಯೊಬ್ಬಳು ಗಾಡಿ ನಿಲ್ಲಿಸಿ ತನ್ನ ಬಾಟಲಿ ಕೊಡುತ್ತಾಳೆ. ಮುದುಕ ಅಳುತ್ತಾನೆ. ಹುಡುಗಿಯೂ ಅಳುತ್ತಾಳೆ. ಕೊನೆಗೆ ಪರದೆಯ ಮೇಲೆ ಅಕ್ಷರಗಳು: ‘ಇದು ನಟನೆಯಲ್ಲ. ನಿಜವಾದ ಸೋಶಿಯಲ್ ಎಕ್ಸ್‌ಪೆರಿಮೆಂಟ್. ನಮ್ಮ ಹಳ್ಳಿಗಳಲ್ಲಿ ಮನುಷ್ಯತ್ವ ಉಳಿದಿದೆಯೇ?’

ನಾನೂ ಅತ್ತೆ. ಅತ್ತ ಮೇಲೆ ಫಾರ್ವರ್ಡ್ ಮಾಡಿದೆ. ಫಾರ್ವರ್ಡ್ ಮಾಡಿದ ಮೇಲೆ ಅಂಕಣ ಬರೆದೆ. ‘ದಾಹಕ್ಕೆ ಬಾಗಿಲು ಮುಚ್ಚುವ ಕೈಯಿಂದ ಅನ್ನ ಬಡಿಸಿಕೊಳ್ಳುವ ಮಕ್ಕಳಿಗೆ ಯಾವ ಸಂಸ್ಕಾರ ಬಂದೀತು?’ ಎಂದು ಕೇಳಿದ್ದೆ. ನಿಮ್ಮಲ್ಲಿ ಬಹಳ ಮಂದಿ ಆ ಸಾಲನ್ನು ಮೆಚ್ಚಿ ಸ್ಟೇಟಸ್ ಹಾಕಿಕೊಂಡಿರಿ. ನನಗೂ ಆ ಸಾಲು ಬಹಳ ಇಷ್ಟವಾಗಿತ್ತು.

ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಪತ್ರಿಕೋದ್ಯಮ ಓದಿದ್ದೇನೆ. ಎದುರು ಪಕ್ಷದವರನ್ನು ಕೇಳದೆ ಒಂದಕ್ಷರವೂ ಬರೆಯಬಾರದು ಎಂಬುದು ಮೊದಲ ವಾರದ ಮೊದಲ ಪಾಠ. ಆ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕವೂ ಬಂದಿತ್ತು.

ಭಾನುವಾರ ಹೊರಟೆ. ವಿಜಯಪುರದಿಂದ ಟಿಕೋಟಾದವರೆಗೆ ಬಸ್ಸು, ಅಲ್ಲಿಂದ ಬಬಲೇಶ್ವರದ ಕಡೆಗೆ ಹೋಗುವ ಟಂಟಂ ಆಟೊ. ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ. ಊರಿನ ಹೆಸರನ್ನು ಬರೆಯುವುದಿಲ್ಲ, ಅದಕ್ಕೆ ಸಿಕ್ಕ ಪ್ರಚಾರ ಈಗಾಗಲೇ ಸಾಕಷ್ಟಾಗಿದೆ. ಫೋನು ಮಾಡಿದವರ ಹೆಸರು ಶೋಭಾಬಾಯಿ. ವಯಸ್ಸು ನಲವತ್ತರ ಆಸುಪಾಸು. ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು.

ನೀಲಿ ಬಾಗಿಲನ್ನು ಯಾರೂ ತೋರಿಸಬೇಕಾಗಲಿಲ್ಲ. ಅದರ ಮುಂದೆ ನಿಂತು, ನೀರು ಹೇಗೆ ಕೇಳಲಿ ಎಂದು ಯೋಚಿಸುತ್ತಿದ್ದೆ. ಕೇಳುವುದಕ್ಕೆ ಅವರು ಬಿಡಲೇ ಇಲ್ಲ.

“ಬಿಸಲಾಗ ಬಂದೀರಿ. ಕಟ್ಟಿಮ್ಯಾಲ ಕುಂಡ್ರಿ, ಬಂದ್ನಿ” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಹೋಗುತ್ತ ಬಾಗಿಲು ಎಳೆದುಕೊಂಡರು.

ನಾನು ನಿಂತಲ್ಲೇ ನಿಂತೆ. ಅದೇ ಜಾಗ, ಅದೇ ಬಾಗಿಲು. ಮುದುಕ ನಿಂತಿದ್ದಲ್ಲೇ ನಾನಿದ್ದೆ. ಪಿಟೀಲು ಮಾತ್ರ ಇರಲಿಲ್ಲ. ಒಳಗೆ ಸ್ಟೂಲು ಎಳೆದ ಸದ್ದಾಯಿತು. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಬಾಗಿಲ ಬಳಿ ಎರಡು ಕೋಳಿಗಳು ಬಂದು, ಸಂದಿಯಲ್ಲಿ ಇಣುಕಿ, ದಾರಿ ಸಿಗದೆ ತಿರುಗಿ ಹೋದವು. ಬಿಸಿಲಿನಲ್ಲಿ ಕಾಯುವವರಿಗೆ ಅದು ದೀರ್ಘ ಸಮಯ. ವಿಡಿಯೋ ಎಡಿಟ್ ಮಾಡುವವರಿಗೆ ಯುಗ.

ಬಾಗಿಲು ತೆರೆಯಿತು. ಒಂದು ಕೈಯಲ್ಲಿ ತಂಬಿಗೆ. ಇನ್ನೊಂದರಲ್ಲಿ ಸಣ್ಣ ತಾಟು, ತಾಟಿನಲ್ಲಿ ಬೆಲ್ಲದ ತುಣುಕು.

ಓದುಗರೇ, ನಿಮ್ಮಲ್ಲಿ ಎಷ್ಟು ಮಂದಿಗೆ ಈ ತಾಟಿನ ಗುರುತು ಹತ್ತಿತು? ನನಗಂತೂ ಹತ್ತಿತು. ನಾನು ಇದೇ ಸೀಮೆಯಲ್ಲಿ ಹುಟ್ಟಿದವಳು. ಇಬ್ರಾಹಿಂಪುರದ ನಮ್ಮ ಮನೆಗೆ ಕರೆಂಟ್ ಮೀಟರ್ ನೋಡಲು ಬಂದವರಿಗೂ ನನ್ನ ಅವ್ವ ಬರೀ ನೀರು ಕೊಟ್ಟವಳಲ್ಲ. “ಬರೇ ನೀರ ಹೆಂಗ ಕೊಡೂದು” ಎಂದು ಒಳಗೆ ಹೋಗಿ ಬೆಲ್ಲ ಹುಡುಕುವ ಅವ್ವನ ಬೆನ್ನನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೀರು ಕೇಳಿದರೆ ನಮ್ಮ ಹೆಂಗಸರು ಮೊದಲು ಮಾಡುವ ಕೆಲಸವೇ ಬೆನ್ನು ತಿರುಗಿಸಿ ಒಳಗೆ ಹೋಗುವುದು. ಆ ಬೆನ್ನನ್ನು ಪರದೆಯ ಮೇಲೆ ಕಂಡಾಗ ನನಗೆ ಗುರುತೇ ಹತ್ತಲಿಲ್ಲ.

“ಕದಾ ಯಾಕ ಮುಂದ ಮಾಡಿದ್ರಿ ಅಕ್ಕಾ?” ಎಂದು ಕೇಳಿದೆ. ಉತ್ತರ ಆಗಲೇ ಗೊತ್ತಿದ್ದರೂ.

“ಕೋಳಿ ಹೊಕ್ಕತಾವ್ರಿ. ಒಳಗ ಜ್ವಾಳಾ ಹರವೀನಿ, ಬಾಯಿ ಹಾಕತಾವು. ಬೆಲ್ಲದ ಡಬ್ಬಿ ಇರುವಿ ಹತ್ತತಾವಂತ ಮ್ಯಾಲ ಇಟ್ಟೀನಿ, ಸ್ಟೂಲ್ ಹತ್ತಿ ತಗೀಬೇಕು. ಅದಕ್ಕ ತಡಾ ಆಗತೈತಿ. ಆ ಯಜ್ಜಾಗೂ ‘ತಡೀಪಾ’ ಅಂತ ಹೇಳೇ ಹೋಗಿದ್ನಿ. ಹೊರಗ ಬಂದು ಕೊಟ್ಟೇನಿ. ಅವ ಎರಡು ತಂಬಿಗಿ ಕುಡದಾನ. ‘ನಿನ್ನ ಹೊಟ್ಟಿ ತಣ್ಣಗಿರ್ಲಿ ತಂಗಿ’ ಅಂತ ಹೇಳ್ಯಾನ. ಅದೆಲ್ಲ ಎಲ್ಲಿ ಹೋತ್ರಿ?”

ಎಲ್ಲಿ ಹೋಯಿತು? ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೋಟ್‌ಬುಕ್ ತೆಗೆದೆ.

ಒಳಗೆ ಹೋಗಿ ಮಾತಾಡುತ್ತ ಕುಳಿತೆವು. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊಗಳಿದ್ದವು. ಶೋಭಾಬಾಯಿ ಅವುಗಳ ಕಡೆ ಕೈ ಮಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. “ನೀರು ಇಲ್ಲ ಅನ್ನೂದಂದ್ರ ಏನಂತ ನಮ್ಮ ಮನಿತನಕ್ಕ ಗೊತ್ತೈತ್ರಿ. ನಮ್ಮಾಯಿ ಬಾವಿ ಹತ್ರ ಕೊಡಾ ಇಟ್ಟು ದೂರ ನಿಂದರ್ತಿದ್ಲಂತ. ಯಾರರೇ ಮನಸ್ಸು ಬಂದ್ರ ಮ್ಯಾಲಿಂದ ಹಾಕತಿದ್ರಂತ. ಅಂಥಾಕಿ ಮೊಮ್ಮಗಳು ನಾ, ನೀರು ಇಲ್ಲ ಅಂತೇನೇನ್ರಿ?”

ಇನ್ನು ಅವರಿಗೆ ಒದಗಿದ ಕಷ್ಟ. ಅವರು ಶಾಲೆಯ ಅಡುಗೆಗೆ ಸೇರಿದ ವರ್ಷ ನಾಲ್ಕಾರು ಮನೆಯವರು ತಮ್ಮ ಮಕ್ಕಳನ್ನು ಊಟಕ್ಕೆ ಕೂರಿಸಿರಲಿಲ್ಲ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬರುಬರುತ್ತ ಮಕ್ಕಳೇ ಬಂದು ಕುಳಿತರು. ಸಾರಿನ ರುಚಿ ದೊಡ್ಡವರ ಹಠವನ್ನು ಸೋಲಿಸಿತು. ಈಗ ಅದೇ ಮನೆಗಳಿಗೆ ಒಂದು ಮರ್ಯಾದಸ್ಥ ನೆವ ಸಿಕ್ಕಿದೆ. ಬಾಯಾರಿದ ಮುದುಕನಿಗೆ ನೀರು ಕೊಡದವಳು ಮಕ್ಕಳಿಗೆ ಊಟ ಬಡಿಸಬಾರದು, ಆಕೆಯನ್ನು ಬದಲಿಸಿ ಎಂದು ಶಾಲೆಗೆ ಅರ್ಜಿ ಬಂದಿದೆ. ಮಂಗಳವಾರ ಶಾಲಾ ಸಮಿತಿಯ ಸಭೆ.

“ಅರ್ಜಿ ಜೋಡಿ ಏನೋ ಒಂದು ಪೇಪರಿಂದ ಝೆರಾಕ್ಸ್ ಹಚ್ಚ್ಯಾರ್ರಿ” ಎಂದರು ಶೋಭಾಬಾಯಿ.

ಏನೋ ಒಂದು ಎಂದದ್ದು ಅವರ ಸೌಜನ್ಯ. ಅದು ನನ್ನ ಅಂಕಣ. ಆ ಇಷ್ಟದ ಸಾಲಿನ ಕೆಳಗೆ ಯಾರೋ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದಾರೆ. ಅನ್ನ ಬಡಿಸುವ ಕೈ ಎಂದು ಬರೆಯುವಾಗ ಆ ಕೈ ನಿಜಕ್ಕೂ ನೂರಾರು ಮಕ್ಕಳಿಗೆ ಅನ್ನ ಬಡಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ಸಮರ್ಥನೆಯೇ? ಕೇಳಿದ್ದರೆ ಗೊತ್ತಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಸ್ಟೇಷನ್ ರಸ್ತೆಯ ಒಂದು ಕಟ್ಟಡದ ಮೆಟ್ಟಿಲು ಹತ್ತಿದೆ. ಕೆಳಗೆ ಮೊಬೈಲ್ ರಿಪೇರಿ ಅಂಗಡಿ, ಮೇಲೆ ಮದುವೆ ವಿಡಿಯೋಗಳ ಸ್ಟುಡಿಯೋ. ಆ ವಿಡಿಯೋ ಮಾಡಿದ ವಿನಾಯಕ ಎಂಬ ತರುಣ ಕೂತಿದ್ದು ಅಲ್ಲಿ. (ಅವನ ಪೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ಇಂದು ಸಂಜೆಯೊಳಗೆ ನೀವೆಲ್ಲ ಅದನ್ನು ಹುಡುಕಿ ನೋಡುತ್ತೀರಿ, ಅವನಿಗೆ ಬೇಕಾಗಿರುವುದೂ ಅದೇ.) ರಾಕ್ಷಸನನ್ನು ನಿರೀಕ್ಷಿಸಿ ಹೋಗಿದ್ದೆ. ಸಿಕ್ಕಿದ್ದು ನನಗಿಂತ ಎರಡು ವರ್ಷ ಚಿಕ್ಕವನಾದ, ಕಣ್ಣಿನ ಕೆಳಗೆ ಕಪ್ಪಾಗಿರುವ, ಕುರ್ಚಿಯ ಧೂಳನ್ನು ತನ್ನ ಕರವಸ್ತ್ರದಿಂದ ಒರೆಸಿ ನನ್ನನ್ನು ಕೂರಿಸಿದ ಹುಡುಗ.

“ಸ್ಕೂಟಿ ಹುಡುಗಿ ಯಾರು?” ಎಂದೆ.

“ನಮ್ಮ ಟೀಮ್‌ನಾಕಿ ರೀ.”

“ಮುದುಕ?”

“ನಮ್ಮ ಸೋದರಮಾವ ಈರಪ್ಪ. ಗಾಂಧಿ ಚೌಕದ ಹಿಂದಿನ ಓಣ್ಯಾಗ ಟೇಲರ್ ಅದಾನ. ಗಡ್ಡ ಹಚ್ಚಿದ್ವಿ.”

“ನೀಲಿ ಬಾಗಿಲಿನವರು?”

ಅವನು ಮೌಸ್ ಕಡೆ ನೋಡಿದ. “ಅವ್ರೊಬ್ರ ಖರೆ ರೀ.”

ಇಡೀ ವಿಡಿಯೋದಲ್ಲಿ ನಟಿಸದೆ ಇದ್ದವರು ಒಬ್ಬರೇ. ಖಳನಾಯಕಿಯಾದವರೂ ಅವರೇ. ಇದನ್ನು ನಾನು ಜೋರಾಗಿಯೇ ಹೇಳಿದೆ. ಹೊಣೆ, ಒಪ್ಪಿಗೆ, ನೈತಿಕತೆ ಎಂದು ಇನ್ನೂ ಏನೇನೋ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಎಲ್ಲ ಕೇಳಿಸಿಕೊಂಡ. ಕೊನೆಗೆ ಅಂದ:

“ಮೇಡಂ, ನಾವು ಖರೇನ ಎಕ್ಸ್‌ಪೆರಿಮೆಂಟ್ ಮಾಡಾಕ ಹೋಗಿದ್ವಿ ರೀ. ಯಾರರೇ ನೀರು ಇಲ್ಲ ಅನ್ನೂತನಾ ಶೂಟ್ ಮಾಡೂಣು ಅಂತ. ಮೂರು ಊರು ತಿರಗಿದ್ವಿ. ಇಪ್ಪತ್ತರ ಮ್ಯಾಲ ಮನಿ ಆತು. ಒಬ್ರೂ ಇಲ್ಲ ಅನ್ನಲಿಲ್ಲ ರೀ.”

“ಹಂಗಾಗಿ?”

“ಹಂಗಾಗಿ ಎಡಿಟ್ ಮಾಡಿದ್ವಿ.”

ಅವನು ಅದನ್ನು ತಮಾಷೆಗೆ ಹೇಳಲಿಲ್ಲ. ಬೆಳೆ ಕೈಕೊಟ್ಟವನ ದನಿಯಿತ್ತು ಅದರಲ್ಲಿ. “ಮಾಮಾಗ ನೀರು ಕುಡದು ಕುಡದು ಹೊಟ್ಟಿ ಉಬ್ಬಿ, ದಾರ್ಯಾಗ ನಾಕು ಸಲ ಗಾಡಿ ನಿಂದರ್ಸಿದ್ವಿ ರೀ” ಎಂದೂ ಸೇರಿಸಿದ.

ತೋರಿಸು ಎಂದೆ. ತೋರಿಸಿದ. ಕಂಪ್ಯೂಟರಿನಲ್ಲಿ ಒಂದು ಫೋಲ್ಡರು. ಅದರ ಹೆಸರು ‘ರಿಜೆಕ್ಟ್’.

ಅದರಲ್ಲಿ ನಾನು ಕಂಡದ್ದನ್ನು ಹೇಗೆ ಬರೆಯಲಿ? ಕ್ಯಾಮೆರಾ ಎಲ್ಲೋ ಗಾಡಿಯೊಳಗೆ ಅಡಗಿದೆ. ಮುದುಕ ಒಂದೊಂದೇ ಮನೆಯ ಮುಂದೆ ನಿಲ್ಲುತ್ತಾನೆ. ರೊಟ್ಟಿ ಬಡಿಯುತ್ತಿದ್ದ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಾಳೆ, ತಂಬಿಗೆಗೆ ಹಿಟ್ಟು ಹತ್ತೀತೆಂದು ಎರಡು ಮುಂಗೈಗಳ ನಡುವೆ ಅದನ್ನು ಹಿಡಿದಿದ್ದಾಳೆ. ತೋಟದ ಯಜಮಾನನೊಬ್ಬ ಅವನಿಗಾಗಿಯೇ ಮೋಟಾರು ಚಾಲೂ ಮಾಡಿ, “ಮಾರಿ ತೊಳಕೊ ಮೊದಲ” ಎನ್ನುತ್ತಾನೆ. ಒಂದು ಮನೆಯಲ್ಲಿ ಪರದೆಯ ಹಿಂದಿನಿಂದ ಗಾಜಿನ ಬಳೆಗಳ ಕೈಯೊಂದು ಜಗ್ಗನ್ನು ಹೊರಗೆ ಚಾಚುತ್ತದೆ, ಮುಖ ಕಾಣುವುದಿಲ್ಲ. ಒಬ್ಬ ಅಜ್ಜಿ ನೀರು ಕೊಟ್ಟು, ಬೈಯುತ್ತಾಳೆ: “ಈ ಬಿಸಲಾಗ ಯಾಕ ತಿರಗತಿ? ಮನ್ಯಾಗ ಹೇಳಿ ಬಂದಿಯೇನ?” ಇನ್ನೊಂದು ಮನೆಯಲ್ಲಿ ಬೆಲ್ಲ ಮುಗಿದಿದೆ. ಆ ಹೆಣ್ಣುಮಗಳು ಮುದುಕನನ್ನು ಬೇವಿನ ನೆರಳಿಗೆ ಕೂರಿಸಿ, ಪಕ್ಕದ ಮನೆಗೆ ಓಡಿ, ಅಂಗೈಯಲ್ಲಿ ಸಕ್ಕರೆ ಹಿಡಿದುಕೊಂಡು ಬರುತ್ತಾಳೆ. ಗಾಳಿಗೆ ಹಾರದಿರಲೆಂದು ಮೇಲೊಂದು ಕೈ ಮುಚ್ಚಿದ್ದಾಳೆ.

ಅಪರಿಚಿತನೊಬ್ಬನಿಗೆ. ಯಾರೂ ನೋಡುತ್ತಿಲ್ಲವೆಂದು ನಂಬಿದ್ದಾಗ.

ಕ್ಲಿಪ್ಪಿನ ಮೇಲೆ ಕ್ಲಿಪ್ಪು. ವಿಜಯಪುರದ ದೊಡ್ಡ ಗುಮ್ಮಟದೊಳಗೆ ಮೊದಲ ಸಲ ನಿಂತು ತಲೆಯೆತ್ತಿದ ಮಗುವಿಗೆ ಆಗುವುದೇ ನನಗಾಯಿತು. ಇಷ್ಟು ದೊಡ್ಡದೊಂದು ನಮ್ಮೂರಿನಲ್ಲೇ ಇದೆ, ಯಾವ ಕಂಬದ ಆಸರೆಯೂ ಇಲ್ಲದೆ ನಿಂತಿದೆ. ‘ಮನುಷ್ಯತ್ವ ಉಳಿದಿದೆಯೇ’ ಎಂದು ಕೇಳಿದ ಪ್ರಯೋಗಕ್ಕೆ ಮೂರು ಊರುಗಳು ಒಂದೇ ಉತ್ತರ ಕೊಟ್ಟಿದ್ದವು. ಆ ಉತ್ತರ ಬೇಡವೆಂದು ಒಬ್ಬ ಹುಡುಗ ಅದನ್ನು ಕಸದ ಫೋಲ್ಡರಿಗೆ ಹಾಕಿದ್ದ.

ಕೊನೆಯಲ್ಲಿ ಶೋಭಾಬಾಯಿಯವರ ಕ್ಲಿಪ್ಪು. ಕತ್ತರಿ ಬಿದ್ದ ಜಾಗದ ಆಚೆಗೆ, ಬಾಗಿಲು ತೆರೆಯುತ್ತದೆ. ತಂಬಿಗೆ, ತಾಟು, ಬೆಲ್ಲ. ಮುದುಕ ಕಟ್ಟೆಯ ಮೇಲೆ ಕುಳಿತು ಕುಡಿಯುತ್ತಾನೆ. ಕೇಳದೆಯೇ ಎರಡನೇ ತಂಬಿಗೆ ಬರುತ್ತದೆ.

“ಇದನ್ನ ಯಾಕ ಹಾಕಲಿಲ್ಲ ನೀ?” ಎಂದೆ. ನನ್ನ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

“ಒಳ್ಳೇದನ್ನ ಯಾರ್ ನೋಡ್ತಾರ್ರಿ?”

ಪ್ರಯೋಗವೆಂಬ ಪದಕ್ಕೆ ಒಂದು ಶಿಸ್ತಿದೆ. ಬಂದ ಫಲಿತಾಂಶ ಹಿಡಿಸಲಿಲ್ಲವೆಂದು ಬೇರೆಯದನ್ನು ತಯಾರಿಸುವಂತಿಲ್ಲ. ಪರೀಕ್ಷೆಗೆ ಒಳಗಾದ ಮನುಷ್ಯನಿಗೆ ಕೊನೆಗಾದರೂ ವಿಷಯ ತಿಳಿಸಬೇಕು, ಒಪ್ಪಿಗೆ ಕೇಳಬೇಕು. ಸೋಶಿಯಲ್ ಎಕ್ಸ್‌ಪೆರಿಮೆಂಟ್ ಎಂಬ ಹಣೆಪಟ್ಟಿ ಅಂಟಿಸಿಕೊಂಡು ಓಡಾಡುವ ಈ ವಿಡಿಯೋಗಳಲ್ಲಿ ಸೋಶಿಯಲ್ ಎಷ್ಟಿದೆ, ಎಕ್ಸ್‌ಪೆರಿಮೆಂಟ್ ಎಷ್ಟಿದೆ? ನಾಟಕವೆಂದು ಹೇಳಿ ನಾಟಕ ಮಾಡಲು ಯಾರ ಅಡ್ಡಿಯೂ ಇಲ್ಲ. ಹೇಳದೆ ಮಾಡಿದರೆ ಅದಕ್ಕೆ ನಮ್ಮ ಕಡೆ ಇರುವ ಪದ ಮೋಸ.

ಆ ಕ್ಲಿಪ್ಪನ್ನು ಕೊಡು, ನಾಳೆ ಸಭೆಯಲ್ಲಿ ತೋರಿಸಬೇಕು ಎಂದೆ. ವಿನಾಯಕ ಕೊಡಲಿಲ್ಲ. “ಕೊಟ್ರ ನಮ್ಮ ಪೇಜ್ ಮುಗೀತ್ರಿ” ಎಂದ. ನಾನು ಮತ್ತೆ ದನಿ ಏರಿಸಿದಾಗ, ಮೊದಲ ಸಲ ನನ್ನ ಕಣ್ಣನ್ನು ನೋಡಿ ಕೇಳಿದ: “ನೀವೂ ಬರದ್ರಲ್ಲ ಮೇಡಂ. ನನಗ ಒಂದ್ ಫೋನ್ ಮಾಡಿ ಕೇಳಿದ್ರೇನಾಗತಿತ್ತು?”

ಮೆಟ್ಟಿಲಿಳಿದು ಬಂದೆ.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವನ ಸೋದರಮಾವ ಈರಪ್ಪನ ಟೇಲರ್ ಅಂಗಡಿ ಇದೆ ಎಂದು ಅವನೇ ಹೇಳಿದ್ದನಲ್ಲ, ಅಲ್ಲಿಗೆ ನಡೆದೆ. ಈರಪ್ಪನವರು ಒಂದು ಬ್ಲೌಸಿಗೆ ತೋಳು ಕೂರಿಸುತ್ತಿದ್ದರು. ಹಿಂದೆ ಊರೂರಿನ ನಾಟಕಗಳಲ್ಲಿ ಪಾತ್ರ ಮಾಡಿದವರು. ನಾನು ಹೇಳಿದ್ದನ್ನೆಲ್ಲ ಕೇಳಿ ಮಿಷನ್ನಿನ ಗಾಲಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದರು.

“ಅಳಿಯಾ ನಾಟಕ ಐತಿ ಮಾಮಾ ಅಂದ. ಹೋದ್ನಿ. ನಾಟಕ ಅಂದ್ರ ನೋಡೂ ಮಂದಿಗೆ ಇದು ನಾಟಕ ಅಂತ ಗೊತ್ತಿರತೈತಿ ಅಂತ ನಾ ತಿಳಕೊಂಡಿದ್ನಿ. ನಾ ರಾವಣನ ಪಾರ್ಟ್ ಮಾಡಿದ್ರ ಮರುದಿನ ಯಾರೂ ನಮ್ಮ ಮನಿಗೆ ಸೀತಾನ್ನ ಹುಡುಕ್ಕೋತ ಬರ್ತಿರಲಿಲ್ಲ ಯವ್ವಾ.” ಗಾಲಿಯಿಂದ ಕೈ ತೆಗೆದು ಎದ್ದು ಅಂದರು: “ಕ್ಲಿಪ್ ಅವ ಕೊಡಲಿ, ಬಿಡಲಿ. ನೀರು ಕುಡದಾಂವ ನಾನ ಇದ್ದೇನಲ್ಲ. ನಡೀರಿ, ಬರ್ತೇನಿ.”

ಮಂಗಳವಾರ ಮಧ್ಯಾಹ್ನ ಮಕ್ಕಳ ಊಟವಾದ ಮೇಲೆ ಶಾಲೆಯ ವರಾಂಡದಲ್ಲಿ ಸಭೆ ಸೇರಿತು. ಮುಖ್ಯ ಗುರುಗಳು, ಸಮಿತಿಯ ಅಧ್ಯಕ್ಷರು, ಅರ್ಜಿ ಕೊಟ್ಟ ಪಾಲಕರು. ಅಡುಗೆ ಕೋಣೆಯ ಬಾಗಿಲಲ್ಲಿ ಶೋಭಾಬಾಯಿ ನಿಂತಿದ್ದರು, ಸೆರಗಿಗೆ ಕೈ ಒರೆಸಿಕೊಳ್ಳುತ್ತ.

ನಾನು ಎದ್ದು, ನಾನು ಬರೆದದ್ದು ತಪ್ಪು ಎಂದೆ. ಅಧ್ಯಕ್ಷರು ಝೆರಾಕ್ಸನ್ನು ಎತ್ತಿ ಹಿಡಿದರು.

“ಮೇಡಂ, ಇದನ್ನ ಬರದವ್ರೂ ನೀವ. ಈಗ ಇದು ಸುಳ್ಳು ಅನ್ನಾವ್ರೂ ನೀವ. ನಾವು ಯಾವ ಮೇಡಮ್ಮರನ್ನ ನಂಬೂದ್ರಿ?”

ಈರಪ್ಪನವರು ಎದ್ದು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅರ್ಜಿ ಕೊಟ್ಟವರಲ್ಲೊಬ್ಬರು ನಕ್ಕರು.

“ಅವತ್ತ ಗಡ್ಡ ಹಚ್ಕೊಂಡು ಆ್ಯಕ್ಟಿಂಗ್ ಮಾಡಿದಿ. ಇವತ್ತ ಗಡ್ಡ ತಗದು ಆ್ಯಕ್ಟಿಂಗ್ ಮಾಡಾಕ ಬಂದಿ. ನೀ ಖರೆ ಮಾತಾಡೂ ದಿನಾ ಯಾವ್ದು?”

ಎಲ್ಲರೂ ನಕ್ಕರು. ಈರಪ್ಪನವರು ಕುಳಿತುಬಿಟ್ಟರು. ನನಗೆ ಮೊದಲ ಬಾರಿಗೆ ನಿಜವಾದ ಭಯವಾಯಿತು. ಈ ವಿಡಿಯೋಗಳು ಮಾಡುವ ಅತಿ ದೊಡ್ಡ ಹಾನಿ ಇದೇ ಅಲ್ಲವೇ? ಸುಳ್ಳನ್ನು ಜನ ನಂಬಿದರು ಎಂಬುದು ಅರ್ಧ ಕತೆ. ಆಮೇಲೆ ನಿಜ ಎದ್ದು ನಿಂತರೂ ಅದಕ್ಕೆ ಕೂರಲು ಜಾಗ ಸಿಗದು.

ಅಷ್ಟರಲ್ಲಿ ವರಾಂಡದ ಮೂಲೆಯಿಂದ ಒಂದು ದನಿ. “ಏ, ಈ ಮನಷ್ಯಾನ್ನ ಎಲ್ಲೋ ನೋಡೀನಲ್ಲ ನಾ.”

ಗಂಗವ್ವ. ಶೋಭಾಬಾಯಿಯವರ ಎದುರುಮನೆಯ ಮುದುಕಿ. ಮೊಮ್ಮಗಳನ್ನು ಕರೆದೊಯ್ಯಲು ಬಂದು, ಕಂಬಕ್ಕೆ ಒರಗಿ ಕುಳಿತಿದ್ದಳು. ಎದ್ದು ಬಂದು ಈರಪ್ಪನವರ ಮುಖದ ಹತ್ತಿರ ಮುಖ ಒಯ್ದಳು.

“ಗಡ್ಡ ಬೋಳಿಸಿಯೇನ? ದನಿ ಮ್ಯಾಲ ಗುರ್ತ ಹತ್ತಿತು. ನಮ್ಮ ಮನಿ ಮಜ್ಜಿಗಿ ಬ್ಯಾಡ ಅಂದಾಂವ ಹೌದಲ್ಲೋ ನೀ?”

“ಹೌದ ಯವ್ವಾ” ಎಂದರು ಈರಪ್ಪನವರು, ಸಣ್ಣ ದನಿಯಲ್ಲಿ.

ಗಂಗವ್ವ ಸಭೆಯ ಕಡೆ ತಿರುಗಿದಳು. “ನೀರಡಿಸಿ ಬಂದಾನಂತ ಮಜ್ಜಿಗಿ ಕೊಡಾಕ ಹೋದ್ನಿ. ಇವ ಅಂತಾನ, ‘ಈಗಽ ಎದುರು ಮನ್ಯಾಗ ಎರಡು ತಂಬಿಗಿ ನೀರು ಕುಡದೇನಿ ಯವ್ವಾ, ಹೊಟ್ಟ್ಯಾಗ ಜಾಗಾ ಇಲ್ಲ’. ನನಗ ಎಲ್ಲಿಲ್ಲದ ಸಿಟ್ಟು ಬಂತು. ಶೋಭಾನ ನೀರು ನಡೀತೈತಿ, ನನ್ನ ಮಜ್ಜಿಗಿ ನಡೆಯಂಗಿಲ್ಲೇನ ಇವಗ ಅಂತ.”

ಯಾರೂ ನಗಲಿಲ್ಲ. ಶೋಭಾಬಾಯಿ ಮಾಡಿದ ಊಟ ಬೇಡವೆಂದಿದ್ದವರಿಗೆ ಆ ಮಾತು ಎಲ್ಲಿ ತಾಗಿತೋ ಅವರಿಗೇ ಗೊತ್ತು.

ಅಧ್ಯಕ್ಷರು ಮೆತ್ತಗೆ ಕೇಳಿದರು: “ಅಲ್ಲಬೇ, ಊರೆಲ್ಲ ಇದರ ಮಾತು ನಡದೈತಿ. ಇಷ್ಟು ದಿನಾ ಯಾಕ ಹೇಳಲಿಲ್ಲ ನೀ?”

“ಯಾರು ಕೇಳೀರಿ ನನ್ನ?”

“ಆ ವಿಡಿಯೋ ನೋಡಿಲ್ಲೇನ?”

“ನಾ ಯಾಕ ವಿಡಿಯೋ ನೋಡ್ಲಿ?” ಎಂದಳು ಗಂಗವ್ವ. “ನಾ ಎದುರಿಗೇ ಇದ್ನಲ್ಲ.”

ಓದುಗರೇ, ನಾನು ಓದಿದ ಎಲ್ಲ ಪಠ್ಯಗಳನ್ನು ಆ ಒಂದು ಮಾತಿನ ಪಕ್ಕದಲ್ಲಿಟ್ಟು ತೂಗಿ ನೋಡಿದ್ದೇನೆ. ತಕ್ಕಡಿ ಗಂಗವ್ವನ ಕಡೆಗೇ ವಾಲುತ್ತದೆ. ವಿಡಿಯೋ ನೋಡಿದ ಲಕ್ಷಗಟ್ಟಲೆ ಜನಕ್ಕೆ, ನನ್ನನ್ನೂ ಸೇರಿಸಿ, ಏನೂ ಗೊತ್ತಿರಲಿಲ್ಲ. ನೋಡದ ಒಬ್ಬಳಿಗೆ ಎಲ್ಲ ಗೊತ್ತಿತ್ತು.

ಅರ್ಜಿ ಕೊಟ್ಟವರು ತಮ್ಮತಮ್ಮಲ್ಲೇ ಗುಸುಗುಟ್ಟಿ, ಅರ್ಜಿ ಹಿಂದಕ್ಕೆ ಪಡೆಯುತ್ತೇವೆ ಎಂದರು. ಅಧ್ಯಕ್ಷರು “ಹಂಗಾರ ಮುಗೀತು” ಎಂದು ಎದ್ದರು.

“ಮುಗಿದಿಲ್ರಿ” ಎಂದರು ಶೋಭಾಬಾಯಿ. ಅಡುಗೆ ಕೋಣೆಯ ಹೊಸ್ತಿಲು ದಾಟಿ ವರಾಂಡಕ್ಕೆ ಬಂದಿದ್ದರು. “ಅರ್ಜಿ ಹಿಂದಕ್ಕ ತಗೊಂಡ್ರ ಆ ಕಾಗದಾ ಎಲ್ಲಿ ಹೋಗತೈತ್ರಿ ಸರ್?”

ಮುಖ್ಯ ಗುರುಗಳು ತಡವರಿಸಿದರು. “ಅದಕ್ಕ ಇನ್‌ವರ್ಡ್ ನಂಬರ್ ಬಿದ್ದೈತಿ ಶೋಭಾಬಾಯಿ, ಬಂದ ಕಾಗದದ ರಜಿಸ್ಟರಿನಾಗ. ಫೈಲಿನಾಗ ಇರಬೇಕಾಗತೈತಿ. ತಗದು ಒಗಿಯಾಕ ಬರಂಗಿಲ್ಲ.”

“ನಾಳಿಗೆ ನಿಮಗ ವರ್ಗಾ ಆಗತೈತಿ. ಹೊಸಾ ಹೆಡ್‌ಮಾಸ್ತರ್ ಬರ್ತಾರ. ಫೈಲ್ ತಗದು ನೋಡಿದ್ರ ಏನ್ ಓದ್ತಾರ್ರಿ ಅವ್ರು? ಇವತ್ತ ಇಲ್ಲಿ ಆದ ಮಾತು ಅದರಾಗ ಇರತೈತೇನು? ಗಂಗವ್ವಾಯಿ ಇರತಾಳೇನು?”

ನಾನು ಬೆರಗಾಗಿ ನೋಡುತ್ತಿದ್ದೆ. ಸುಳ್ಳು ಹೇಗೆ ಬದುಕುತ್ತದೆ ಎಂಬುದನ್ನು ಇಷ್ಟು ಖಚಿತವಾಗಿ ಬಲ್ಲವರನ್ನು ನಾನು ಯಾವ ವಿಚಾರಗೋಷ್ಠಿಯಲ್ಲೂ ಕಂಡಿಲ್ಲ. ಅದು ಆಡಿದ ಬಾಯಲ್ಲಿ ಬದುಕುವುದಿಲ್ಲ. ಫೈಲಿನಲ್ಲಿ, ಫೋಲ್ಡರಿನಲ್ಲಿ, ಗ್ರೂಪಿನಲ್ಲಿ, ಮುಂದೆ ಬರುವ ಅಪರಿಚಿತನಿಗಾಗಿ ಕಾಯುತ್ತ ಕುಳಿತಿರುತ್ತದೆ.

“ಮೇಡಂ ಪೇಪರಿನಾಗ ಮತ್ತೊಮ್ಮೆ ಬರೀತಾರ” ಎಂದರು ಅವರು, ನನ್ನನ್ನು ಕೇಳದೆಯೇ. “ಅದರದೂ ಝೆರಾಕ್ಸ್ ತಗೊಂಡು ಇದರ ಮ್ಯಾಲ ಹಚ್ಚ್ರಿ. ಇದಕ್ಕೂ ಇನ್‌ವರ್ಡ್ ನಂಬರ್ ಹಾಕ್ರಿ.” ಆಮೇಲೆ ನನ್ನ ಕಡೆ ತಿರುಗಿ: “ಮತ್ತ ನೀವು ನನ್ನ ದೇವಿ ಮಾಡಿ ಬರಿಯಾಕ ಹೋಗಬ್ಯಾಡ್ರಿ. ನೀರು ಕೊಟ್ಟೇನಿ. ಅಷ್ಟ ಬರೀರಿ.”

ಆದ್ದರಿಂದ ಬರೆಯುತ್ತೇನೆ. ಮಾನ್ಯ ಮುಖ್ಯ ಗುರುಗಳ ಅವಗಾಹನೆಗೆ: ತಮ್ಮ ಶಾಲೆಯ ಅಡುಗೆಯವರಾದ ಶೋಭಾಬಾಯಿಯವರು ಆ ದಿನ ನೀರು ಕೇಳಿದ ಮನುಷ್ಯನಿಗೆ ಬೆಲ್ಲ ಮತ್ತು ಎರಡು ತಂಬಿಗೆ ನೀರು ಕೊಟ್ಟಿದ್ದಾರೆ. ಕತ್ತರಿಸದ ದೃಶ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಕುರಿತು ಈ ಹಿಂದೆ ಇದೇ ಜಾಗದಲ್ಲಿ ನಾನು ಬರೆದದ್ದು ಸುಳ್ಳು. ಯಾರನ್ನೂ ಕೇಳದೆ ಬರೆದೆ. ಇದನ್ನು ಅರ್ಜಿಯ ಮೇಲೆ ಲಗತ್ತಿಸಿಕೊಳ್ಳಬೇಕು.

ವಿನಾಯಕನಿಗೂ ಒಂದು ಮಾತು. ಬುಧವಾರ ನಿನ್ನ ಪೇಜಿನಿಂದ ಆ ವಿಡಿಯೋ ಮಾಯವಾಗಿದೆ. ‘ತಾಂತ್ರಿಕ ಕಾರಣಗಳಿಂದ ತೆಗೆಯಲಾಗಿದೆ’ ಎಂದು ಬರೆದಿದ್ದೀಯ. ಯಾವ ತಾಂತ್ರಿಕ ಕಾರಣ, ತಮ್ಮಾ? ಕೋಳಿಗಳದೇ? ಬೆಲ್ಲದ ಡಬ್ಬಿಯದೇ? ಆ ‘ರಿಜೆಕ್ಟ್’ ಫೋಲ್ಡರಿನಲ್ಲಿರುವ ಎಲ್ಲ ಮನೆಗಳಿಗೂ ಹೋಗಿ, ಅವರ ಒಪ್ಪಿಗೆ ಕೇಳಿ, ಅದನ್ನು ಇದ್ದದ್ದು ಇದ್ದ ಹಾಗೆ ಹಾಕು. ಒಳ್ಳೆಯದನ್ನು ಯಾರು ನೋಡುತ್ತಾರೆ ಎಂದೆಯಲ್ಲ, ನಾನು ನೋಡಿದೆ. ಎದ್ದು ಬರಲು ಮನಸ್ಸಾಗಲಿಲ್ಲ.

ಮೂಲ ವಿಡಿಯೋ ಹೋದರೂ ಅದರ ನಕಲುಗಳು ಇನ್ನೂ ಓಡುತ್ತಿವೆ. ನಿನ್ನೆ ನನ್ನ ಚಿಕ್ಕಪ್ಪನ ಮಗ ಹುಬ್ಬಳ್ಳಿಯಿಂದ ನನಗೇ ಕಳಿಸಿದ್ದ, ‘ನಿಮ್ಮ ಕಡೆಯ ಮಂದಿ ನೋಡು’ ಎಂಬ ಒಕ್ಕಣೆಯ ಜೊತೆ.

ಶಾಲೆಯ ಫೈಲಿನಲ್ಲಿದ್ದ ಸುಳ್ಳಿನ ಮೇಲೆ ಶೋಭಾಬಾಯಿ ನಿಜವನ್ನು ಹಚ್ಚಿಸುತ್ತಿದ್ದಾರೆ. ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಆ ಕೆಲಸ ಯಾರದು?